ಗಿಡ ಹಳದಿ ಆಗ್ತಿದ್ಯಾ? ಗೊಬ್ಬರ ಆಮೇಲೆ, ಮೊದ್ಲು ಕುಂಡದೊಳಗೆ ಬೆರಳಿಡಿ

ಆಗಸ್ಟ್ 15ರ ಆಸುಪಾಸಲ್ಲಿ ಲಾಲ್‌ಬಾಗ್ ಫ್ಲವರ್ ಶೋ ನೋಡ್ಕೊಂಡು ಬರೋರ ಕೈಲಿ ಒಂದಾದ್ರೂ ಕವರ್ ಇರತ್ತೆ, ಅದರೊಳಗಿಂದ ಒಂದು ದಾಸವಾಳನೋ ಗುಲಾಬಿನೋ ತಲೆ ಹೊರಗೆ ಹಾಕಿರತ್ತೆ, ಬಸ್ಸಲ್ಲಿ ಅದನ್ನ ಮಗು ಥರ ತೊಡೆ ಮೇಲೆ ಕೂರಿಸ್ಕೊಂಡು ಬರ್ತಾರೆ. ಸೆಪ್ಟೆಂಬರ್ ಬಂತೋ ಇಲ್ವೋ, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಫೋಟೋಗಳು ಶುರು. ಹಳದಿ ಎಲೆ, ಬಾಗಿದ ಕುಡಿ, ಉದುರಿದ ಮೊಗ್ಗು, ಕೆಳಗೆ ಒಂದೇ ಪ್ರಶ್ನೆ: "ಇದಕ್ಕೆ ಏನ್ ಹಾಕ್ಲಿ?"

ಉತ್ತರಕ್ಕೇನೂ ಬರ ಇಲ್ಲ. ಒಬ್ರು ಎಪ್ಸಮ್ ಸಾಲ್ಟ್ ಅಂತಾರೆ, ಇನ್ನೊಬ್ರು ಹುಳಿ ಮಜ್ಜಿಗೆ, ಮತ್ತೊಬ್ರು ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಟೀ ಚರಟ, ಮೊಟ್ಟೆ ಸಿಪ್ಪೆ. ಕೇಳಿದವರು ಒಂದೂ ಬಿಡದೆ ಎಲ್ಲಾನೂ ಹಾಕ್ತಾರೆ, ಗಿಡ ಎಲ್ಲಾನೂ ತಿಂದು ಸಾಯತ್ತೆ. ನಾನು ಇದನ್ನ ನಗಾಡ್ಕೊಂಡು ಬರೀತಿದೀನಿ ಅಂದ್ಕೋಬೇಡಿ, ಟೆರೇಸ್ ಮೇಲೆ ಕುಂಡ ಇಡೋಕೆ ಶುರು ಮಾಡಿದ ಮೊದಲನೇ ವರ್ಷ ಮೂರು ಮಲ್ಲಿಗೆ ಗಿಡ ಕೊಂದಿದೀನಿ, ಮೂರನ್ನೂ ಪ್ರೀತಿಯಿಂದ ದಿನಾ ಎರಡು ಹೊತ್ತು ನೀರು ಹಾಕಿ ಹಾಕಿಯೇ. ಹಾಗಾಗಿ "ಏನ್ ಹಾಕ್ಲಿ" ಅನ್ನೋದಕ್ಕಿಂತ ಮುಂಚೆ, ಕುಂಡದೊಳಗೆ ಅಸಲಿಗೆ ಏನ್ ನಡೀತಿರತ್ತೆ ಅಂತ ಒಂದ್ಸಲ ಬುಡದಿಂದ ನೋಡೋಣ.

ಬೇರಿಗೂ ಉಸಿರಾಟ ಇದೆ

ಎಲೆ ಅನ್ನೋದು ಗಿಡದ ಅಡುಗೆಮನೆ ಅಂತ ಶಾಲೇಲಿ ಎಲ್ರೂ ಓದಿರ್ತೀವಿ. ಬಿಸಿಲು, ನೀರು, ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಸೇರಿಸಿ ಅಲ್ಲಿ ಸಕ್ಕರೆ ತಯಾರಾಗತ್ತೆ. ಆದ್ರೆ ಬೇರು ಇರೋದು ಕತ್ತಲಲ್ಲಿ, ಅದು ಅಡುಗೆ ಮಾಡ್ಕೊಳಕ್ಕಾಗಲ್ಲ, ಮೇಲಿಂದ ಕಳಿಸಿದ ಸಕ್ಕರೇನ ಉರಿಸಿ ಶಕ್ತಿ ಪಡ್ಕೋಬೇಕು. ಉರಿಸೋಕೆ ಆಕ್ಸಿಜನ್ ಬೇಕು. ಒಲೆಗೆ ಗಾಳಿ ಬೇಕಲ್ಲ, ಹಾಗೇ. ಆ ಶಕ್ತಿ ಇದ್ರೇನೇ ಬೇರು ಮಣ್ಣಿಂದ ಪೋಷಕಾಂಶ ಒಳಗೆ ಎಳ್ಕೊಳ್ಳೋದು, ಹೊಸ ಬೇರು ಬಿಡೋದು ಎಲ್ಲಾ.

ಆ ಆಕ್ಸಿಜನ್ ಎಲ್ಲಿಂದ ಬರತ್ತೆ? ಮಣ್ಣಿನ ಕಣಗಳ ಮಧ್ಯೆ ಇರೋ ಸಣ್ಣ ಸಣ್ಣ ಸಂದುಗಳಿಂದ. ಒಳ್ಳೆ ಮಣ್ಣು ಅಂದ್ರೆ ಅದರಲ್ಲಿ ಹತ್ರತ್ರ ಅರ್ಧ ಭಾಗ ಬರೀ ಸಂದೇ ಇರತ್ತೆ, ಸ್ವಲ್ಪದರಲ್ಲಿ ನೀರು, ಸ್ವಲ್ಪದರಲ್ಲಿ ಗಾಳಿ. ನಾವು ದಿನಾ ನೀರು ಸುರಿದು ಎಲ್ಲಾ ಸಂದೂ ತುಂಬಿಸಿಬಿಟ್ರೆ ಗಾಳಿಗೆ ಜಾಗ ಇಲ್ಲ. ನೀರೊಳಗೂ ಆಕ್ಸಿಜನ್ ಹೋಗತ್ತಲ್ವಾ ಅಂತ ಕೇಳಬಹುದು, ಹೋಗತ್ತೆ, ಆದ್ರೆ ಗಾಳೀಲಿ ಹರಡೋದಕ್ಕಿಂತ ಸುಮಾರು 10 ಸಾವಿರ ಪಟ್ಟು ನಿಧಾನ. ಅಷ್ಟೊತ್ತಿಗೆ ಬೇರು ಉಸಿರುಗಟ್ಟಿರತ್ತೆ.

ಉಸಿರುಗಟ್ಟಿದ ಬೇರನ್ನೇ ಕಾಯ್ತಿರೋ ಜೀವಿಗಳೂ ಇದಾವೆ. ಮಲೆನಾಡಿನವರಿಗೆ ಅಡಿಕೆ ಕೊಳೆರೋಗ ಅಂದ್ರೆ ಹೇಳಿ ಕೊಡ್ಬೇಕಾಗಿಲ್ಲ, ಮಳೆಗಾಲದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯೋದು ಅದಕ್ಕೇ. ಆ ರೋಗ ತರೋದು ಫೈಟಾಫ್ಥೊರಾ ಅನ್ನೋ ಶಿಲೀಂಧ್ರದಂಥ ಜೀವಿ, ಕಾಳುಮೆಣಸಿನ ಬಳ್ಳಿ ಸೊರಗಿ ಸಾಯೋದಕ್ಕೂ ಅದೇ ಕುಟುಂಬದ್ದು ಕಾರಣ. ನಮ್ಮ ಬಾಲ್ಕನಿ ಕುಂಡದಲ್ಲಿ ಬೇರು ಕೊಳೆಸೋದು ಇದರ ಅಣ್ಣತಮ್ಮಂದಿರೇ. ಇವಕ್ಕೆ ನೀರು ನಿಂತ ಜಾಗ ಅಂದ್ರೆ ಹಬ್ಬ.

ಇಲ್ಲಿ ಒಂದು ಮೋಸ ಇದೆ, ಬಹಳ ಜನ ಬೀಳೋದು ಇದಕ್ಕೇನೇ. ಬೇರು ಕೊಳೆತ ಗಿಡಕ್ಕೆ ನೀರು ಎಳ್ಕೊಳ್ಳೋ ತಾಕತ್ತಿರಲ್ಲ, ಹಾಗಾಗಿ ಎಲೆ ಬಾಡತ್ತೆ. ಬಾಯಾರಿದ ಗಿಡದ ಎಲೇನೂ ಬಾಡತ್ತೆ. ದೂರದಿಂದ ನೋಡಿದ್ರೆ ಎರಡೂ ಒಂದೇ ಥರ. ನಾವು "ಅಯ್ಯೋ ನೀರು ಸಾಲ್ದು ಪಾಪ" ಅಂತ ಇನ್ನೊಂದು ಚೊಂಬು ಸುರೀತೀವಿ, ಮುಳುಗ್ತಿರೋನ ತಲೆ ಮೇಲೆ ನೀರು ಹುಯ್ದ ಹಾಗೆ.

ಕುಂಡ ಅಂದ್ರೆ ಚಿಕ್ಕ ನೆಲ ಅಲ್ಲ

ಊರಲ್ಲಿ ಅಜ್ಜಿ ಹಿತ್ತಲಲ್ಲಿ ಬಚ್ಚಲ ನೀರಿಗೇ ಬಾಳೆ, ಕೆಸು, ಕನಕಾಂಬರ ಎಲ್ಲಾ ಬೆಳೀತಿತ್ತು, ನಾವು ಇಲ್ಲಿ ಇಷ್ಟೆಲ್ಲಾ ಮಾಡಿದ್ರೂ ಯಾಕೆ ಬರಲ್ಲ ಅಂತ ಅನ್ಸತ್ತೆ. ಹಿತ್ತಲಲ್ಲಿ ಹೆಚ್ಚಾದ ನೀರು ಕೆಳಗಿರೋ ಮಣ್ಣು ಎಳ್ಕೊಂಡು ಹೋಗತ್ತೆ, ಎರೆಹುಳ ತೂತು ಮಾಡಿರತ್ತೆ, ಬೇರು ಬೇಕಾದ ಕಡೆ ಓಡತ್ತೆ. ಕುಂಡದಲ್ಲಿ ಮಣ್ಣು ಒಂದಡಿಗೆ ಮುಗೀತು, ಕೆಳಗೆ ಎಳ್ಕೊಳ್ಳೋಕೆ ಯಾರೂ ಇಲ್ಲ. ಅದಕ್ಕೇ ತೂತಿರೋ ಕುಂಡದಲ್ಲೂ ತಳದಲ್ಲಿ ಒಂದು ಪದರ ಒದ್ದೆಯಾಗೇ ಉಳ್ಕೊಳ್ಳತ್ತೆ.

ನಂಬಿಕೆ ಬರ್ಲಿಲ್ಲ ಅಂದ್ರೆ ಪಾತ್ರೆ ತೊಳೆಯೋ ಆಯತದ ಸ್ಪಂಜು ತಗೊಳ್ಳಿ. ನೀರಲ್ಲಿ ಮುಳುಗಿಸಿ ಅಡ್ಡಡ್ಡ ಮಲಗಿಸಿ ಹಿಡೀರಿ, ತೊಟ್ಟಿಕ್ಕೋದು ನಿಲ್ಲೋವರೆಗೂ ಕಾಯಿರಿ. ಈಗ ಹಿಂಡಬೇಡಿ, ಸುಮ್ನೆ ಅದನ್ನ ಉದ್ದಕ್ಕೆ ನಿಲ್ಲಿಸಿ ಹಿಡೀರಿ. ಮತ್ತೆ ಪಳ ಪಳ ಅಂತ ನೀರು ಇಳಿಯತ್ತೆ! ಅದೇ ಸ್ಪಂಜು, ಅದೇ ನೀರು, ಎತ್ತರ ಮಾತ್ರ ಹೆಚ್ಚಾಯ್ತು. ತಳದಲ್ಲಿ ನಿಲ್ಲೋ ಒದ್ದೆ ಪದರದ ದಪ್ಪ ಮಣ್ಣಿನ ಗುಣದ ಮೇಲೆ ನಿಂತಿರತ್ತೆ, ಕುಂಡ ಎಷ್ಟು ಎತ್ತರ ಅನ್ನೋದರ ಮೇಲಲ್ಲ. ಆ ಪದರ ಎರಡು ಇಂಚು ಅಂತಿಟ್ಕೊಳ್ಳಿ, ನಾಕು ಇಂಚಿನ ಚಂದದ ತಟ್ಟೆ ಕುಂಡದಲ್ಲಿ ಅರ್ಧ ಬೇರು ಕೆಸರಲ್ಲಿ, ಹನ್ನೆರಡು ಇಂಚಿನದ್ರಲ್ಲಿ ಆರನೇ ಒಂದು ಭಾಗ ಅಷ್ಟೇ.

ಇದರಿಂದಲೇ ಇನ್ನೊಂದು ವಿಷಯಾನೂ ಗೊತ್ತಾಗತ್ತೆ. ಕುಂಡದ ತಳಕ್ಕೆ ಜಲ್ಲಿ ಕಲ್ಲೋ ಹೆಂಚಿನ ಚೂರೋ ದಪ್ಪಗೆ ಹಾಕಿದ್ರೆ ನೀರು ಚೆನ್ನಾಗಿ ಇಳಿಯತ್ತೆ ಅಂತ ನಮಗೆಲ್ಲಾ ಹೇಳ್ಕೊಟ್ಟಿದಾರೆ, ನಾನೂ ವರ್ಷಗಟ್ಟಲೆ ಹಾಕಿದೀನಿ. ನಿಜ ಏನಂದ್ರೆ ನುಣ್ಣಗಿನ ಮಣ್ಣಲ್ಲಿರೋ ನೀರು, ಆ ಮಣ್ಣು ಪೂರ್ತಿ ತುಂಬಿ ತುಳುಕೋವರೆಗೂ ಕೆಳಗಿನ ದೊಡ್ಡ ಸಂದಿಗೆ ಇಳಿಯೋದೇ ಇಲ್ಲ. ಹಾಗಾಗಿ ಕೆಸರು ಪದರ ಹೋಗಲ್ಲ, ಅದೇ ಜಲ್ಲಿಯ ಮೇಲೆ ಹತ್ತಿ ಕೂತ್ಕೊಳ್ಳತ್ತೆ, ಬೇರಿಗೆ ಇನ್ನೂ ಹತ್ರ. ತೂತಿನ ಮೇಲೆ ಮಣ್ಣು ಹೋಗದ ಹಾಗೆ ಒಂದು ಹೆಂಚಿನ ಚೂರೋ ತೆಂಗಿನ ನಾರೋ ಇಟ್ರೆ ಸಾಕು.

ನರ್ಸರಿ ಗಿಡ ಮನೆಗೆ ಬಂದ ಮೇಲೆ ಯಾಕೆ ಮುನಿಸ್ಕೊಳ್ಳತ್ತೆ

ನರ್ಸರೀಲಿ ಹೂ ಬಿಟ್ಕೊಂಡು ನಗ್ತಿತ್ತು, ಮನೇಲಿ ಹದಿನೈದು ದಿನಕ್ಕೆ ಬೋಳು. ನರ್ಸರಿಯವರು ಏನೋ ಔಷಧಿ ಹಾಕಿರ್ತಾರೆ ಅಂತ ಬೈಯೋರಿದಾರೆ, ಆದ್ರೆ ಸಾಮಾನ್ಯವಾಗಿ ಕಾರಣ ಇದಕ್ಕಿಂತ ಸಾದಾ ಇರತ್ತೆ. ಅಲ್ಲಿ ಹಸಿರು ಶೇಡ್ ನೆಟ್ ಕೆಳಗೆ, ನೂರಾರು ಗಿಡಗಳ ಮಧ್ಯೆ, ತೇವದ ಗಾಳೀಲಿ ಬೆಳೆದಿರತ್ತೆ. ನಾವು ತಂದು ನೇರ ಕಾಂಕ್ರೀಟ್ ಟೆರೇಸ್ ಬಿಸಿಲಿಗೋ, ಇಲ್ಲಾ ಸೀದಾ ಹಾಲ್‌ನ ಟಿವಿ ಪಕ್ಕಕ್ಕೋ ಇಡ್ತೀವಿ. ಹಳೇ ಎಲೆಗಳು ಆ ಹಳೇ ಜಾಗಕ್ಕೆ ಅಂತ ತಯಾರಾಗಿದ್ವು, ಗಿಡ ಅವನ್ನ ಉದುರಿಸಿ ಹೊಸ ಜಾಗಕ್ಕೆ ತಕ್ಕ ಎಲೆ ಬಿಡತ್ತೆ. ಒಂದಷ್ಟು ಎಲೆ ಉದುರೋದು ಕಾಯಿಲೆ ಅಲ್ಲ, ಮನೆ ಶಿಫ್ಟ್ ಮಾಡಿದ ಸುಸ್ತು. ಒಂದು ವಾರ ಹತ್ತು ದಿನ ಬೆಳಗಿನ ಎಳೆ ಬಿಸಿಲು ಮಾತ್ರ ಬೀಳೋ ಕಡೆ ಇಟ್ಟು, ಆಮೇಲೆ ನಿಧಾನಕ್ಕೆ ಪೂರ್ತಿ ಬಿಸಿಲಿಗೆ ಸರಿಸಿದ್ರೆ ಈ ಸುಸ್ತು ಕಮ್ಮಿ ಆಗತ್ತೆ.

ಎರಡನೇದು ಆ ಪ್ಲಾಸ್ಟಿಕ್ ಕವರ್ ಒಳಗಿನ ಮಣ್ಣು. ನಮ್ಮ ನರ್ಸರಿಗಳಿಗೆ ಎಷ್ಟೋ ಗಿಡ ದೂರದಿಂದ ಬರತ್ತೆ, ಆಂಧ್ರದಲ್ಲಿ ರಾಜಮಂಡ್ರಿ ಹತ್ರ ಕಡಿಯಂ ಅನ್ನೋ ಊರು ಇದಕ್ಕೇ ಹೆಸರುವಾಸಿ. ಲಾರೀಲಿ ನೂರಾರು ಕಿಲೋಮೀಟರ್ ಬರುವಾಗ ಬೇರಿನ ಸುತ್ತ ಮಣ್ಣು ಉದುರಬಾರದು ಅಂತ ಅಂಟಂಟು ಜೇಡಿಮಣ್ಣಲ್ಲಿ ಗಿಡ ಇರತ್ತೆ. ಪ್ರಯಾಣಕ್ಕೆ ಅದು ಒಳ್ಳೇದೇ. ಆದ್ರೆ ನಾವು ಆ ಗಟ್ಟಿ ಉಂಡೇನ ಹಾಗ್ಹಾಗೇ ತಗೊಂಡು ಹಗುರ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಿಕ್ಸ್ ಮಧ್ಯೆ ಕೂರಿಸಿದ್ರೆ, ಸುತ್ತ ಮಿಕ್ಸ್ ಒಂದು ವೇಗದಲ್ಲಿ ಒಣಗತ್ತೆ, ಉಂಡೆ ಇನ್ನೊಂದು ವೇಗದಲ್ಲಿ. ಒಮ್ಮೆ ಒಂದು ದಾಸವಾಳ ಸತ್ತ ಮೇಲೆ ಕಿತ್ತು ನೋಡಿದ್ರೆ ಒಳಗೆ ಕಾಫಿ ಲೋಟದ ಗಾತ್ರದ ಮಣ್ಣುಂಡೆ, ಹೊರಗೆಲ್ಲಾ ಒದ್ದೆ, ಕುಡುಗೋಲಿಂದ ಒಡೆದ್ರೆ ಒಳಗೆ ಧೂಳು! ದಿನಾ ಹಾಕಿದ ನೀರು ಪಕ್ಕದಿಂದ ಜಾರಿ ಹೋಗ್ತಿತ್ತು, ಉಂಡೆ ಒಳಗಿನ ಬೇರು ಬಾಯಾರಿ ಸತ್ತಿತ್ತು.

ಹಾಗಾಗಿ ಗಿಡ ಮನೆಗೆ ಒಗ್ಗಿದ ಮೇಲೆ, ಆ ಉಂಡೇನ ಬಕೆಟ್ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಮಣ್ಣನ್ನ ಮೂರನೇ ಒಂದು ಭಾಗದಷ್ಟು ಬೆರಳಲ್ಲಿ ಮೆತ್ತಗೆ ಬಿಡಿಸಿ ನೆಡಿ. ಬೇರು ಕವರ್ ಆಕಾರದಲ್ಲೇ ಸಿಂಬಿ ಸುತ್ತಿದ್ರೆ ಆ ಸುತ್ತನ್ನ ಬಿಡಿಸ್ಬೇಕು, ಇಲ್ದಿದ್ರೆ ಹೊಸ ಕುಂಡದಲ್ಲೂ ಅಲ್ಲೇ ಸುತ್ತುತ್ತಾ ಇರತ್ತೆ. ಸಂಜೆ ಹೊತ್ತು ಮಾಡಿ, ಎರಡು ಮೂರು ದಿನ ನೆರಳಲ್ಲಿಡಿ. ಗುಲಾಬಿಗೆ ಮಾತ್ರ ಸ್ವಲ್ಪ ಕೈ ಹಗುರ ಇರ್ಲಿ, ಬೇರು ಅಲುಗಾಡಿಸಿದ್ರೆ ಬೇಗ ಕೋಪ ಮಾಡ್ಕೊಳ್ಳತ್ತೆ.

ಮಣ್ಣು

ಬೆಂಗಳೂರು ಮೈಸೂರು ಕಡೆ ಸಿಗೋದು ಕೆಮ್ಮಣ್ಣು. ಉತ್ತರ ಕರ್ನಾಟಕದಲ್ಲಿ ಎರೆಮಣ್ಣು, ನೀರು ಹಿಡಿದ್ರೆ ಉಬ್ಬತ್ತೆ, ಒಣಗಿದ್ರೆ ಕಾಲು ಹೋಗೋ ಅಷ್ಟು ಬಿರುಕು ಬಿಡತ್ತೆ. ಕರಾವಳೀಲಿ ಜಂಬಿಟ್ಟಿಗೆ ಮಣ್ಣು, ಮಳೆಗೆ ಸತ್ವ ತೊಳೆದು ಹೋಗಿರತ್ತೆ, ಹುಳಿ ಗುಣ ಜಾಸ್ತಿ. ಇದ್ಯಾವುದೂ ಕೆಟ್ಟ ಮಣ್ಣಲ್ಲ, ಆದ್ರೆ ಹೊಲದಲ್ಲಿ ಚೆನ್ನಾಗಿರೋ ಮಣ್ಣು ಕುಂಡಕ್ಕೆ ಬಂದ್ರೆ ದಿನಾ ನೀರು ಬಿದ್ದು ಬಿದ್ದು ಇಟ್ಟಿಗೆ ಆಗತ್ತೆ. ಅದಕ್ಕೇ ಮಿಕ್ಸ್ ಮಾಡೋದು. ನನ್ನ ಲೆಕ್ಕ ಸುಲಭ: ಕೆಮ್ಮಣ್ಣು ಒಂದು ಪಾಲು, ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಕೋಕೋಪೀಟ್ ಒಂದು ಪಾಲು, ಮೇಲೆ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಮಳೆ ಜಾಸ್ತಿ ಬೀಳೋ ಊರಾದ್ರೆ ಕೋಕೋಪೀಟ್ ಕಮ್ಮಿ ಮಾಡಿ ದಪ್ಪ ಮರಳೋ ಭತ್ತದ ಹೊಟ್ಟೋ ಸೇರಿಸ್ಬೇಕು.

ಸರಿಯಾಗಿದ್ಯಾ ಅಂತ ನೋಡೋಕೆ ಒದ್ದೆ ಮಿಕ್ಸನ್ನ ಮುಷ್ಟೀಲಿ ಒತ್ತಿ ಉಂಡೆ ಮಾಡಿ, ಬೆರಳಿಂದ ತಟ್ಟಿದ್ರೆ ಪುಡಿಯಾಗಿ ಬೀಳ್ಬೇಕು. ಉಂಡೆಯಾಗೇ ಕೂತ್ರೆ ಜೇಡಿ ಜಾಸ್ತಿ, ಉಂಡೇನೇ ಆಗ್ಲಿಲ್ಲ ಅಂದ್ರೆ ನೀರು ನಿಲ್ಲಲ್ಲ.

ಕೋಕೋಪೀಟ್ ಬಗ್ಗೆ ಎರಡು ಮಾತು. ಅದರಲ್ಲಿ ಗಿಡಕ್ಕೆ ಊಟ ಅನ್ನೋದು ಹೆಚ್ಚೇನೂ ಇಲ್ಲ, ನೀರು ಹಿಡಿಯೋ ಸ್ಪಂಜು ಅಷ್ಟೇ. ಬ್ಲಾಕ್ ತಂದ್ರೆ ಎರಡು ಮೂರು ಸಲ ನೀರಲ್ಲಿ ತೊಳೆದು ಹಿಂಡಿ, ಉಪ್ಪಿನಂಶ ಇರತ್ತೆ. ಮತ್ತೆ ಅದು ಪೂರ್ತಿ ಒಣಗಿಬಿಟ್ರೆ ನೀರನ್ನ ಒಳಗೆ ಬಿಟ್ಕೊಳ್ಳೋಕೆ ಹಠ ಮಾಡತ್ತೆ. ಊರಿಗೆ ಹೋಗಿ ಬಂದು ನೀರು ಹಾಕಿದ ತಕ್ಷಣ ಕೆಳಗಿಂದ ಸರ್ ಅಂತ ಹರಿದು ಬಂತು ಅಂದ್ರೆ ಮಣ್ಣು ನೆನೆದಿಲ್ಲ, ಪಕ್ಕದಿಂದ ಜಾರಿದೆ ಅಂತ ಅರ್ಥ, ಕುಂಡಾನೇ ಟಬ್ಬಲ್ಲಿ ಇಟ್ಟು ಕೆಳಗಿಂದ ಕುಡಿಸ್ಬೇಕು.

ನೀರು ಯಾವಾಗ, ಮತ್ತೆ ಎಂಥ ನೀರು

ದಿನಕ್ಕೆ ಎಷ್ಟು ಸಲ ಅನ್ನೋ ಪ್ರಶ್ನೆಗೆ ಉತ್ತರಾನೇ ಇಲ್ಲ. ಬೇರು ಎಳ್ಕೊಂಡ ನೀರಲ್ಲಿ 100ಕ್ಕೆ 97 ಭಾಗಕ್ಕೂ ಜಾಸ್ತಿ ಎಲೆಯಿಂದ ಆವಿಯಾಗಿ ಹೋಗತ್ತೆ, ಹಾಗಾಗಿ ನೀರಿನ ಖರ್ಚು ಬಿಸಿಲು, ಗಾಳಿ, ಎಲೆ ಎಷ್ಟಿದೆ ಅನ್ನೋದರ ಮೇಲೆ ಹೋಗತ್ತೆ, ಕ್ಯಾಲೆಂಡರ್ ಮೇಲಲ್ಲ. ಏಪ್ರಿಲ್ ಬಿಸಿಲಲ್ಲಿ ಎರಡು ಹೊತ್ತು ಬೇಕಾದ ಗಿಡಕ್ಕೆ ಜುಲೈ ಮೋಡದಲ್ಲಿ ನಾಕು ದಿನಕ್ಕೊಂದ್ಸಲ ಸಾಕಾಗಬಹುದು.

ಬೆರಳನ್ನ ಎರಡು ಗೆಣ್ಣು ಮಣ್ಣೊಳಗೆ ಇಳಿಸಿ, ಒಣಗಿದ್ರೆ ಮಾತ್ರ ನೀರು. ದೊಡ್ಡ ಕುಂಡಕ್ಕೆ ಊದುಬತ್ತಿ ಉರಿದು ಉಳಿದ ಕಡ್ಡಿ ಸಾಕು, ಇಡ್ಲಿ ಬೆಂದಿದ್ಯಾ ಅಂತ ಚುಚ್ಚಿ ನೋಡೋ ಹಾಗೆ ತಳದವರೆಗೂ ಚುಚ್ಚಿ ತೆಗೀರಿ, ಕಡ್ಡಿಗೆ ಒದ್ದೆ ಮಣ್ಣು ಅಂಟಿದ್ರೆ ಇವತ್ತು ಬೇಡ. ಹಾಕುವಾಗ ಮಾತ್ರ ಚೂರು ಚೂರು ಹಾಕ್ಬೇಡಿ, ಕೆಳಗಿನ ತೂತಿಂದ ಬರೋವರೆಗೂ ಹಾಕಿ, ಕೆಳಗೆ ತಟ್ಟೇಲಿ ನಿಂತ ನೀರನ್ನ ಚೆಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಎಲೆ ಸ್ವಲ್ಪ ಜೋತು ಬಿದ್ರೆ ಗಾಬರಿ ಬೇಡ, ಖರ್ಚು ಜಾಸ್ತಿ ಆದಾಗ ಹಾಗಾಗತ್ತೆ, ಸಂಜೆಗೆ ಎದ್ದು ಕೂತ್ಕೊಳ್ಳತ್ತೆ. ಬೆಳಗ್ಗೆ ಆರು ಗಂಟೆಗೂ ಜೋತು ಬಿದ್ದಿದ್ರೆ ಆಗ ಕಡ್ಡಿ ಚುಚ್ಚಿ ನೋಡಿ.

ಎಂಥ ನೀರು ಅನ್ನೋದು ಈಗ ಬೆಂಗಳೂರಿನವರಿಗೆ ದೊಡ್ಡ ವಿಷಯ. 2024ರ ಮಾರ್ಚಲ್ಲಿ ನೀರಿನ ಅಭಾವ ಆದಾಗ ಜಲಮಂಡಳಿಯವರು ಕುಡಿಯೋ ನೀರನ್ನ ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5000 ರೂಪಾಯಿ ದಂಡ ಅಂದ್ರು. ಆಮೇಲೆ ಎಷ್ಟೋ ಮನೇಲಿ ಗಿಡಕ್ಕೆ ಬೋರ್ ನೀರು, ಟ್ಯಾಂಕರ್ ನೀರು, ಆರ್‌ಒ ಫಿಲ್ಟರ್ ಹೊರಗೆ ಬಿಡೋ ನೀರು. ಬೋರ್ ನೀರಲ್ಲಿ ಸುಣ್ಣದಂಶ ಇರತ್ತೆ, ಗೀಸರ್ ಒಳಗೆ, ಬಕೆಟ್ ಅಂಚಲ್ಲಿ ಬಿಳೀ ಕಟ್ಟತ್ತಲ್ಲ ಅದೇ. ಆರ್‌ಒ ಹೊರಗೆ ಬಿಡೋ ನೀರು ಅದಕ್ಕಿಂತ ಸಾಂದ್ರ, ಯಾಕಂದ್ರೆ ನಾವು ಕುಡಿಯೋ ನೀರಿಂದ ತೆಗೆದ ಲವಣ ಎಲ್ಲಾ ಅದಕ್ಕೇ ಸೇರಿರತ್ತೆ. ನೀರು ಆವಿಯಾಗಿ ಹೋಗತ್ತೆ, ಲವಣ ಕುಂಡದಲ್ಲೇ ಉಳಿಯತ್ತೆ, ತಿಂಗಳು ತಿಂಗಳು ಸೇರ್ತಾ ಹೋಗತ್ತೆ. ಮಣ್ಣಿನ ಮೇಲೆ, ಮಣ್ಣಿನ ಕುಂಡ ಆದ್ರೆ ಹೊರಗೋಡೆ ಮೇಲೆ ಬಿಳೀ ಪುಡಿ ಕಾಣ್ಸತ್ತೆ, ಎಲೆ ತುದಿ ಸುಟ್ಟ ಹಾಗಾಗತ್ತೆ.

ಹಾಗಂತ ಆ ನೀರು ಚೆಲ್ಲಬೇಕಾಗಿಲ್ಲ. ಅರ್ಧಕ್ಕರ್ಧ ಬೇರೆ ನೀರು ಬೆರೆಸಿ, ಒಂದೇ ಗಿಡಕ್ಕೆ ದಿನಾ ಹಾಕದೆ ಸರದಿ ಮೇಲೆ ಹಾಕಿ. ಮಳೆ ಬಂದಾಗ ಕುಂಡಗಳನ್ನ ಹೊರಗೆ ಇಡಿ. ಮಳೆ ನೀರಲ್ಲಿ ಲವಣ ಇಲ್ಲದಷ್ಟು ಕಮ್ಮಿ, ನಾಕು ಜೋರು ಮಳೆ ಕುಂಡನ ತೊಳೆದು ಕೊಡತ್ತೆ. ಬೇಸಿಗೇಲಿ ಎಷ್ಟು ನೀರು ಹಾಕಿದ್ರೂ ಮಂಕಾಗಿದ್ದ ಗಿಡ ಮೊದಲ ಮಳೆಗೆ ಚಿಗುರೋದು ನೋಡಿರ್ತೀರಲ್ಲ, ಅದರಲ್ಲಿ ಇದರ ಪಾಲೂ ಇದೆ.

ನೆರಳಿನ ಲೆಕ್ಕ ಕಣ್ಣಿಗೆ ಗೊತ್ತಾಗಲ್ಲ

"ನಮ್ಮ ಹಾಲಲ್ಲಿ ತುಂಬಾ ಬೆಳಕಿದೆ" ಅನ್ನೋದು ಕಣ್ಣು ಹೇಳೋ ಸುಳ್ಳು. ಕಣ್ಣಿನ ಪಾಪೆ ಕತ್ತಲಿಗೆ ದೊಡ್ಡದಾಗಿ ಬೆಳಕಿಗೆ ಚಿಕ್ಕದಾಗಿ ಹೊಂದ್ಕೊಂಡುಬಿಡತ್ತೆ. ಮೊಬೈಲಲ್ಲಿ ಬೆಳಕನ್ನ ಲಕ್ಸ್ ಲೆಕ್ಕದಲ್ಲಿ ಅಳೆಯೋ ಆಪ್ ಹಾಕಿ ನೋಡಿ, ಮಧ್ಯಾಹ್ನದ ಬಯಲು ಬಿಸಿಲು ಹತ್ರತ್ರ 1 ಲಕ್ಷ ಲಕ್ಸ್, ಹಾಲ್‌ನ ಮಧ್ಯದಲ್ಲಿ ಕೆಲವು ನೂರು. ಗುಲಾಬಿ, ದಾಸವಾಳ, ಮಲ್ಲಿಗೆ, ತುಳಸಿ, ಟೊಮ್ಯಾಟೊ, ಮೆಣಸಿನಕಾಯಿ ಇವಕ್ಕೆಲ್ಲಾ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಬಾಲ್ಕನಿ ಉತ್ತರಕ್ಕಿದ್ರೆ ಗುಲಾಬಿ ಆಸೆ ಬಿಟ್ಟು ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್, ದೊಡ್ಡಪತ್ರೆ ಕಡೆ ನೋಡೋದು ಜಾಣತನ. ಬೆಳಕು ಕಮ್ಮಿ ಇದ್ದಾಗ ನೀರಿನ ಖರ್ಚೂ ಕಮ್ಮಿ, ಮನೆಯೊಳಗಿನ ಗಿಡ ಕೊಳೆಯೋದು ಜಾಸ್ತಿ ಯಾಕೆ ಅಂದ್ರೆ ಇದಕ್ಕೇ.

ಹಳದಿ ಎಲೆ ಎಲ್ಲಿದೆ ಅಂತ ನೋಡಿ

ಈಗ ಆ ಫೋಟೋಗೆ ಬರೋಣ. ಹಳದಿ ಎಲೆ ನೋಡಿದ ತಕ್ಷಣ ಕೇಳಬೇಕಾದ್ದು, ಅದು ಹಳೇ ಎಲೇನಾ ಹೊಸ ಎಲೇನಾ?

ಗಿಡದೊಳಗೆ ಕೆಲವು ಪೋಷಕಾಂಶ ಒಂದು ಕಡೆಯಿಂದ ಇನ್ನೊಂದು ಕಡೆ ಓಡಾಡತ್ತೆ. ನೈಟ್ರೋಜನ್, ಮೆಗ್ನೀಷಿಯಂ, ಪೊಟ್ಯಾಷಿಯಂ ಈ ಜಾತಿ. ಇವು ಮನೇಲಿರೋ ಕ್ಯಾಶ್ ಇದ್ದ ಹಾಗೆ, ಮಕ್ಕಳಿಗೆ ಫೀಸ್ ಕಟ್ಟೋಕೆ ಕಮ್ಮಿ ಬಿದ್ರೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಡ್ತಾಳೆ. ಹಾಗೇ ಕೊರತೆ ಆದಾಗ ಹಳೇ ಎಲೆ ತನ್ನದನ್ನ ಚಿಗುರಿಗೆ ಕೊಟ್ಟು ತಾನು ಹಳದಿ ಆಗತ್ತೆ. ಕಬ್ಬಿಣ, ಕ್ಯಾಲ್ಸಿಯಂ ಹಾಗಲ್ಲ, ಅವು ಗೋಡೆಗೆ ಕಟ್ಟಿದ ಇಟ್ಟಿಗೆ, ಒಂದ್ಸಲ ಎಲೇಲಿ ಕೂತ್ರೆ ಬಿಡಿಸಿ ಇನ್ನೊಬ್ರಿಗೆ ಕೊಡಕ್ಕಾಗಲ್ಲ. ಇವು ಕಮ್ಮಿ ಆದಾಗ ಹಳೇ ಎಲೆ ಹಸಿರಾಗೇ ಇರತ್ತೆ, ಹೊಸದಾಗಿ ಬರೋ ಚಿಗುರಿಗೆ ಕೊರತೆ.

ಆದ್ರಿಂದ ಕೆಳಗಿನ ಎಲೆಗಳೆಲ್ಲಾ ಪೂರ್ತಿ ಮಾಸಲು ಹಳದಿ ಆಗ್ತಾ ಇದ್ರೆ ನೈಟ್ರೋಜನ್ ಕಮ್ಮಿ. ಕೆಳಗಿನ ಎಲೇಲಿ ನರ ಹಸಿರು, ಮಧ್ಯೆ ಹಳದಿ ಅಂದ್ರೆ ಮೆಗ್ನೀಷಿಯಂ, ಎಪ್ಸಮ್ ಸಾಲ್ಟ್ ಅಂದ್ರೆ ಮೆಗ್ನೀಷಿಯಂ ಸಲ್ಫೇಟ್, ಹಾಗಾಗಿ ಅದು ಕೆಲಸ ಮಾಡೋದು ಇದೊಂದಕ್ಕೆ, ಎಲ್ಲಾ ಹಳದಿಗೂ ಅಲ್ಲ. ತುದಿಯ ಹೊಸ ಎಲೇಲಿ ನರ ಹಸಿರು, ಮಧ್ಯೆ ನಿಂಬೆ ಹಳದಿಯೋ ಬಿಳಿಚೋ ಅಂದ್ರೆ ಕಬ್ಬಿಣ. ಕರಿಬೇವಿಗೆ, ದಾಸವಾಳಕ್ಕೆ ಇದು ಬಹಳ ಬರತ್ತೆ. ವಿಚಿತ್ರ ಏನಂದ್ರೆ ಕೆಮ್ಮಣ್ಣಿನ ಕೆಂಪೇ ಕಬ್ಬಿಣದ್ದು, ಮಣ್ಣಲ್ಲಿ ಬೇಕಾದಷ್ಟಿದೆ, ಆದ್ರೆ ಸುಣ್ಣದ ನೀರು ಹಾಕಿ ಹಾಕಿ ಮಣ್ಣು ಕ್ಷಾರ ಆದಾಗ ಆ ಕಬ್ಬಿಣ ಕರಗಲ್ಲ, ಬೇರಿಗೆ ಸಿಗಲ್ಲ. ಲಾಕರಲ್ಲಿ ಚಿನ್ನ ಇದೆ, ಕೀ ಇಲ್ಲ. ಅಜ್ಜಿಯರು ಕರಿಬೇವಿಗೆ ಹುಳಿ ಮಜ್ಜಿಗೆ ಹಾಕೋದ್ರ ಹಿಂದೆ ಇದೇ ಹುಳಿಯ ತರ್ಕ ಇದೆ, ಆದ್ರೆ ನೀರಾಗಿ ತೆಳ್ಳಗೆ ಮಾಡಿ ಯಾವಾಗ್ಲಾದ್ರೂ ಒಮ್ಮೆ ಹಾಕ್ಬೇಕು, ಗಟ್ಟಿ ಮೊಸರು ಸುರಿದ್ರೆ ವಾಸನೆ, ಇರುವೆ.

ಬೆಂಗಳೂರಿನ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ, ಐಐಎಚ್‌ಆರ್ ಅಂತಾರೆ. ಅವರು ಅರ್ಕಾ ವೆಜಿಟಬಲ್ ಸ್ಪೆಷಲ್ ಅಂತ ತರಕಾರಿ ಎಲೆ ಮೇಲೆ ಸ್ಪ್ರೇ ಮಾಡೋ ಸೂಕ್ಷ್ಮ ಪೋಷಕಾಂಶದ ಪುಡಿ ಮಾಡಿದಾರೆ. ಅದನ್ನ ನೀರಿಗೆ ಕಲಸುವಾಗ ನಿಂಬೆರಸ, ಸ್ವಲ್ಪ ಶ್ಯಾಂಪೂ ಸೇರಿಸಿ ಅಂತಾರೆ, ನಿಂಬೆ ನೀರಿನ ಕ್ಷಾರ ಮುರಿಯೋಕೆ, ಶ್ಯಾಂಪೂ ಹನಿ ಜಾರದೆ ಎಲೆಗೆ ಅಂಟೋಕೆ. ಬೇರಿನ ದಾರಿ ಮುಚ್ಚಿದ್ದಾಗ ಎಲೆ ಮೂಲಕ ಕೊಡೋದು ಆಸ್ಪತ್ರೇಲಿ ಡ್ರಿಪ್ ಹಾಕಿದ ಹಾಗೆ.

ಟೊಮ್ಯಾಟೊ ಕಾಯಿಯ ಅಡಿಭಾಗ ಕಪ್ಪಗೆ ಕೊಳೆಯೋದು ಕ್ಯಾಲ್ಸಿಯಂ ತಲುಪದೆ ಇರೋದ್ರಿಂದ. ಎಲ್ರೂ ಮೊಟ್ಟೆ ಸಿಪ್ಪೆ ಹಾಕ್ತಾರೆ, ಅದು ಕರಗೋಕೆ ತಿಂಗಳುಗಟ್ಟಲೆ ಬೇಕು, ಈ ಸಲದ ಕಾಯಿಗಂತೂ ಸಿಗಲ್ಲ. ಕ್ಯಾಲ್ಸಿಯಂ ನೀರಿನ ಜೊತೆ ಹರಿದು ಬರೋದು, ನಾಕು ದಿನ ಒಣಗಿಸಿ ಐದನೇ ದಿನ ಕೆರೆ ಮಾಡಿದ್ರೆ ಹರಿವು ತಪ್ಪತ್ತೆ. ನೀರು ಒಂದೇ ಸಮ ಕೊಟ್ರೆ ಬಹಳ ಸಲ ಅದೇ ಔಷಧಿ.

ಮತ್ತೆ ಕಡೇದಾಗಿ, ಗಿಡ ಚಿಗುರ್ತಾ ಇದೆ, ಬುಡದಲ್ಲಿ ಒಂದೆರಡು ಎಲೆ ಮಾತ್ರ ಹಳದಿ ಅಂದ್ರೆ ಅದಕ್ಕೆ ವಯಸ್ಸಾಯ್ತು ಅಷ್ಟೇ. ಮೇಲಿಂದ ಕೆಳಗೆ ಎಲ್ಲಾ ಎಲೇನೂ ಒಟ್ಟಿಗೆ ಮಂಕಾಗಿ ಹಳದಿ ಆಗಿ, ಮಣ್ಣು ಒದ್ದೆ ಇದ್ದು, ತೂತಿನ ಹತ್ರ ಮೂಗಿಟ್ರೆ ಚರಂಡಿ ವಾಸನೆ ಬಂದ್ರೆ ಗೊಬ್ಬರದ ಮಾತೇ ಬೇಡ. ಕುಂಡದಿಂದ ಗಿಡ ತೆಗೆದು ಬೇರು ನೋಡಿ, ಆರೋಗ್ಯದ ಬೇರು ಬಿಳೀ ಅಥವಾ ತಿಳಿ ಕಂದು, ಗಟ್ಟಿ. ಕೊಳೆತದ್ದು ಕಪ್ಪು, ಎಳೆದ್ರೆ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಉಳಿಯತ್ತೆ. ಅದನ್ನೆಲ್ಲಾ ಕತ್ತರಿಸಿ, ಮೇಲೂ ಅಷ್ಟೇ ಪ್ರಮಾಣದಲ್ಲಿ ಕೊಂಬೆ ಕಮ್ಮಿ ಮಾಡಿ, ಹೊಸ ಮಿಕ್ಸಲ್ಲಿ ಚಿಕ್ಕ ಕುಂಡದಲ್ಲಿ ನೆರಳಲ್ಲಿಡಿ. ಅರ್ಧಕ್ಕಿಂತ ಜಾಸ್ತಿ ಬೇರು ಉಳಿದಿದ್ರೆ ಬದುಕಬಹುದು.

ಗೊಬ್ಬರ ಜಾಸ್ತಿ ಆದ್ರೆ ಯಾಕೆ ಸುಡತ್ತೆ

ಉಪ್ಪಿನಕಾಯಿ ಹಾಕೋರಿಗೆ ಇದು ಚೆನ್ನಾಗಿ ಗೊತ್ತು. ಮಾವಿನ ಹೋಳಿಗೆ ಉಪ್ಪು ಬೆರೆಸಿ ಇಟ್ರೆ ಬೆಳಗಾಗೋಷ್ಟರಲ್ಲಿ ಹೋಳು ನೀರು ಬಿಟ್ಟು ಸುಕ್ಕಾಗಿರತ್ತೆ. ನೀರು ಯಾವಾಗ್ಲೂ ಉಪ್ಪು ಜಾಸ್ತಿ ಇರೋ ಕಡೆ ಓಡತ್ತೆ. ಯೂರಿಯಾ, ಡಿಎಪಿ ಥರದ ರಾಸಾಯನಿಕ ಗೊಬ್ಬರ ಒಂದು ಚಮಚ ಜಾಸ್ತಿ ಹಾಕಿದ್ರೆ ಮಣ್ಣಿನ ನೀರು ಬೇರಿನೊಳಗಿನ ರಸಕ್ಕಿಂತ ಉಪ್ಪಾಗತ್ತೆ, ಬೇರಿಂದಲೇ ನೀರು ಹೊರಗೆ ಎಳೆಯತ್ತೆ. ಯೂರಿಯಾದಲ್ಲಿ 100ಕ್ಕೆ 46 ಭಾಗ ನೈಟ್ರೋಜನ್, ಹೊಲಕ್ಕೆ ಎರಚೋ ಅಂದಾಜಲ್ಲಿ ಕುಂಡಕ್ಕೆ ಹಾಕ್ಬಾರದು.

ಹನ್ನೆರಡು ಇಂಚಿನ ಕುಂಡಕ್ಕೆ ತಿಂಗಳಿಗೆ ಎರಡು ಹಿಡಿ ಎರೆಗೊಬ್ಬರ ಹಾಕಿ ಮೇಲ್ಮಣ್ಣಲ್ಲಿ ಕೆದಕಿದ್ರೆ ಹೆಚ್ಚಿನ ಗಿಡಕ್ಕೆ ನಡೆಯತ್ತೆ. ಹೂ ತರಕಾರಿಗೆ ಕಡಲೆಕಾಯಿ ಹಿಂಡಿ ನೆನೆಸಿ ತೆಳ್ಳಗೆ ಮಾಡಿದ ನೀರು, ಅಥವಾ 19:19:19 ಅನ್ನೋ ಪುಡಿ ಲೀಟರ್‌ಗೆ ಒಂದೆರಡು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಆ ಮೂರು ನಂಬರ್ ಅಂದ್ರೆ ನೈಟ್ರೋಜನ್, ಫಾಸ್ಫೇಟ್, ಪೊಟ್ಯಾಷ್ ತಲಾ ಶೇಕಡಾ 19. ಒಣಗಿದ ಮಣ್ಣಿಗೆ ಹಾಕ್ಬೇಡಿ, ಹೊಸದಾಗಿ ನೆಟ್ಟದ್ದಕ್ಕೆ, ಕಾಯಿಲೆ ಬಿದ್ದದ್ದಕ್ಕೆ ಬೇಡವೇ ಬೇಡ, ಜ್ವರ ಬಂದೋನಿಗೆ ಹೋಳಿಗೆ ಊಟ ಹಾಕಿದ ಹಾಗಾಗತ್ತೆ. ಟೀ ಚರಟ ಹಾಕೋದಾದ್ರೆ ಹಾಲು ಸಕ್ಕರೆ ಹೋಗೋ ಹಾಗೆ ತೊಳೆದು ಒಣಗಿಸಿ, ಬಾಳೆ ಸಿಪ್ಪೆ ಕಾಂಪೋಸ್ಟ್ ಡಬ್ಬಕ್ಕೆ ಹಾಕಿ.

ಹುಳ, ಇರುವೆ, ಮತ್ತೆ ಒಂದು ಚಿಟ್ಟೆ

ದಾಸವಾಳದ ಕುಡೀಲಿ ಹತ್ತಿ ಅಂಟಿಸಿದ ಹಾಗೆ ಬಿಳೀ ಕೂತಿದ್ರೆ ಅದು ಹಿಟ್ಟು ತಿಗಣೆ. ಅದಕ್ಕಿಂತ ಮುಂಚೆ ಗಿಡದ ಮೇಲೆ ಇರುವೆ ಸಾಲು ಕಂಡಿರತ್ತೆ, ನಾವು ಗಮನ ಕೊಟ್ಟಿರಲ್ಲ. ತಿಗಣೆ, ಸಸ್ಯಹೇನು ಎಲ್ಲಾ ರಸ ಹೀರಿ ಸಿಹಿ ದ್ರವ ವಿಸರ್ಜನೆ ಮಾಡತ್ತೆ, ಇರುವೆಗೆ ಅದು ಹಾಲು ಕೊಡೋ ಹಸು. ಹಸು ಕಾಯೋ ಹಾಗೆ ಅವನ್ನ ಕಾಯತ್ತೆ, ತಿನ್ನೋಕೆ ಬಂದ ಗುಲಗಂಜಿ ಹುಳಾನ ಓಡಿಸತ್ತೆ. ಹಾಗಾಗಿ ಇರುವೆ ದಾರಿ ಕಟ್ ಮಾಡದೆ ತಿಗಣೆ ಹೋಗಲ್ಲ. ಮೊದಲು ಪೈಪಿನ ಜೋರು ನೀರಲ್ಲಿ ಹೊಡೀರಿ, ತುಂಬಾ ಹತ್ತಿರೋ ಕುಡಿ ಕತ್ತರಿಸಿ ಕವರಲ್ಲಿ ಕಟ್ಟಿ ಬಿಸಾಕಿ. ಆಮೇಲೆ ಬೇವಿನೆಣ್ಣೆ, ಲೀಟರ್ ನೀರಿಗೆ 5 ಮಿಲಿ, ಆದ್ರೆ ಎಣ್ಣೆ ನೀರಲ್ಲಿ ಕರಗಲ್ಲ, ಮೊದಲು ಎಣ್ಣೆಗೆ ಒಂದೆರಡು ಮಿಲಿ ಸೋಪ್ ದ್ರವ ಕಲಸಿ ಆಮೇಲೆ ನೀರು ಹಾಕಿದ್ರೆ ಹಾಲಿನ ಹಾಗೆ ಬೆಳ್ಳಗಾಗತ್ತೆ, ಆಗ ಸರಿ. ಸಂಜೆ ಹೊಡೀಬೇಕು, ಬೇವಿನ ಸತ್ವ ಬಿಸಿಲಿಗೆ ಕೆಡತ್ತೆ, ಎಣ್ಣೆ ಸವರಿದ ಎಲೆ ಬಿಸಿಲಿಗೆ ಸುಡತ್ತೆ. ಎಲೆ ಅಡಿಭಾಗಕ್ಕೆ ಹೊಡೆಯೋದು ಮರೀಬೇಡಿ, ಅವು ಕೂರೋದೇ ಅಲ್ಲಿ, ಮತ್ತೆ ವಾರಕ್ಕೊಮ್ಮೆ ಮೂರು ಸಲವಾದ್ರೂ ಮಾಡ್ಬೇಕು, ಮೊಟ್ಟೆ ಒಡೆದು ಹೊಸ ಮರಿ ಬರ್ತಾನೇ ಇರತ್ತೆ.

ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಂದು ಬಿಳೀ ಮಚ್ಚೆ ಕಂಡ್ರೆ ಹತ್ರ ಹೋಗಿ ನೋಡಿ, ಅಲುಗಾಡಿದ್ರೆ ಅದು ನಿಂಬೆ ಚಿಟ್ಟೆಯ ಮರಿಹುಳ. ಕರಿಬೇವು ನಿಂಬೆ ಕುಟುಂಬದ್ದೇ, ಅದಕ್ಕೇ ಅದು ಬರೋದು. ಹಕ್ಕಿ ತಿನ್ನದಿರ್ಲಿ ಅಂತ ಹಿಕ್ಕೆ ವೇಷ, ದೊಡ್ಡದಾದ ಮೇಲೆ ಎಲೆ ಹಸಿರು ಬಣ್ಣ. ಎರಡು ಮೂರು ಇದ್ರೆ ನಾನು ಸುಮ್ನೆ ಬಿಡ್ತೀನಿ, ದೊಡ್ಡ ಗಿಡ ತಡ್ಕೊಳ್ಳತ್ತೆ. ಅಂಗೈ ಎತ್ತರದ ಸಸಿ ಆದ್ರೆ ಕಡ್ಡೀಲಿ ಎತ್ತಿ ಬೇರೆ ದೊಡ್ಡ ಕರಿಬೇವಿಗೋ ನಿಂಬೆ ಗಿಡಕ್ಕೋ ಬಿಡ್ಬೇಕು, ಮುಟ್ಟಿದ್ರೆ ತಲೆ ಹಿಂದಿಂದ ಎರಡು ಕೆಂಪು ಕೊಂಬು ಚಾಚಿ ಕಮಟು ವಾಸನೆ ಬಿಡತ್ತೆ, ಹೆದರ್ಕೋಬೇಡಿ, ಏನೂ ಮಾಡಲ್ಲ.

ಕತ್ತರಿ

ಗಿಡ ಕತ್ತರಿಸೋಕೆ ಕೈ ಬರಲ್ಲ ನಮಗೆ, ತುಳಸಿ ಅಂತೂ ಮುಟ್ಟೋಕೇ ಭಯ. ಕಟ್ಟೆ ತುಳಸಿ ಒಣಗಿದ್ರೆ ಮನೆಗೆ ಏನೋ ಕೇಡು ಅಂತ ನಮ್ಮ ದೊಡ್ಡಮ್ಮ ಎರಡು ದಿನ ಊಟ ಸರಿ ಮಾಡಿರ್ಲಿಲ್ಲ. ತುಳಸಿ ಹೂ ಬಿಟ್ಟು ಬೀಜ ಕಟ್ಟಿದ ಮೇಲೆ ತನ್ನ ಕೆಲಸ ಆಯ್ತು ಅಂತ ಸೊರಗೋಕೆ ಶುರು ಮಾಡತ್ತೆ. ತುದೀಲಿ ಬರೋ ಕದಿರನ್ನ ಎಳೇದಿರುವಾಗಲೇ ಚಿವುಟ್ತಾ ಇದ್ರೆ ಪಕ್ಕದಿಂದ ಎರಡು ಕವಲು ಒಡೆದು ಪೊದೆ ಆಗತ್ತೆ, ಚಿವುಟಿದ್ದು ದೇವರಿಗೇ ಏರಿಸಬಹುದು. ಕವಲು ಒಡೆಯೋದು ಯಾಕಂದ್ರೆ ತುದಿಯ ಕುಡಿ ತನ್ನ ಕೆಳಗಿನ ಮೊಗ್ಗುಗಳಿಗೆ "ನೀವು ಸುಮ್ನಿರಿ" ಅಂತ ಒಂದು ಹಾರ್ಮೋನ್ ಕಳಿಸ್ತಿರತ್ತೆ, ಆಕ್ಸಿನ್ ಅಂತ, ತುದಿ ಹೋದ್ರೆ ಆ ಅಂಕುಶ ಹೋಯ್ತು. ಮಲ್ಲಿಗೆ, ದಾಸವಾಳ ಹೂ ಬಿಡೋದು ಹೊಸ ಚಿಗುರಲ್ಲೇ, ಹಾಗಾಗಿ ಹೂ ಮುಗಿದ ಮೇಲೆ ಧೈರ್ಯವಾಗಿ ಕತ್ತರಿಸಿದಷ್ಟೂ ಮುಂದಿನ ಸಲ ಮೊಗ್ಗು ಜಾಸ್ತಿ.

ಗುಲಾಬೀಲಿ ಮಾತ್ರ ಕತ್ತರಿ ಹಿಡಿಯೋ ಮುಂಚೆ ಬುಡಕ್ಕೆ ಬಗ್ಗಿ ನೋಡಿ. ನರ್ಸರಿ ಗುಲಾಬಿ ಸಾಮಾನ್ಯವಾಗಿ ಕಸಿ ಕಟ್ಟಿದ್ದು, ಕಾಡು ಗುಲಾಬಿ ಬೇರಿನ ಮೇಲೆ ಚಂದದ ಹೂವಿನ ಗಿಡದ ಕಣ್ಣು (ಚಿಗುರೋ ಮೊಗ್ಗು) ಕೂರಿಸಿರ್ತಾರೆ, ಬುಡದ ಹತ್ರ ಒಂದು ಗಂಟು ಕಾಣತ್ತೆ. ಆ ಗಂಟಿನ ಕೆಳಗಿಂದ ಬರೋ ಚಿಗುರು ಮೇಲಿನದ್ದಕ್ಕಿಂತ ಜೋರಾಗಿ, ಉದ್ದಕ್ಕೆ, ತೆಳು ಹಸಿರಾಗಿ ಬೆಳೆಯತ್ತೆ, "ಅಬ್ಬಾ ಎಷ್ಟು ಚೆನ್ನಾಗಿ ಚಿಗುರಿದೆ" ಅಂತ ಖುಷಿ ಪಡ್ತೀವಿ, ಅದು ಬೇರಿನ ಗಿಡ, ಹೂವಿನ ಗಿಡದ ಊಟಾನೂ ಅದೇ ತಿನ್ನತ್ತೆ. ನಮ್ಮ ಪಕ್ಕದ ಮನೆಯವರು ಎರಡು ವರ್ಷ ಅಂಥದ್ದಕ್ಕೆ ಕೋಲು ಕೊಟ್ಟು, ದಾರ ಕಟ್ಟಿ, ಹೂ ಬರತ್ತೆ ಅಂತ ಕಾಯ್ತಿದ್ರು, ಮೇಲಿದ್ದ ಕೆಂಪು ಗುಲಾಬಿ ಯಾವತ್ತೋ ಒಣಗಿ ಹೋಗಿತ್ತು. ಗಂಟಿನ ಕೆಳಗಿಂದ ಬಂದದ್ದನ್ನ ಹುಟ್ಟಿದ ಜಾಗದಿಂದಲೇ ಕಿತ್ತು ಹಾಕಿ.